ಹೆಳವರ ಅಕ್ಕಮ್ಮ ಬಿಡದೆ ಹೇಳಿದ ಮನೆ

ಅಮೆರಿಕದ ಪಿಸ್ಕಾಟವೇ ಊರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ರಸ್ತೆಯಂಚಿಗೆ ಗುಡ್ಡೆ ಹಾಕಿದ ಮಾರ್ಚ್ ತಿಂಗಳ ಹಿಮ ಮಸಿಬಟ್ಟೆಯ ಬಣ್ಣಕ್ಕೆ ತಿರುಗಿದೆ. ಅಂಗಡಿ ಸಾಲಿನ ಹಿಂಬದಿಯ ಬಾಡಿಗೆ ಅಡುಗೆಮನೆಯಲ್ಲಿ ಅಕ್ಕಮ್ಮ ದೊಡ್ಡ ಬಾಣಲೆಗೆ ಎಣ್ಣೆ ಸುರಿದು, ಸಾಸಿವೆ ಸಿಡಿಯುವುದನ್ನು ಕಾಯುತ್ತಾ ನಿಂತಿದ್ದಾರೆ. ಕೈ ಚಿತ್ರಾನ್ನದ ಒಗ್ಗರಣೆಯಲ್ಲಿದೆ, ಬಾಯಿ ಮಾತ್ರ ಯಾರದೋ ಮನೆಯಂಗಳದಲ್ಲಿದೆ. ಅಜ್ಜ, ಮುತ್ತಜ್ಜ, ಅವನಿಗೆ ಕನಸಿನಲ್ಲಿ ಬಂದ ದೇವಿ, ಅವಳು ತೋರಿಸಿದ ಬಾವಿ, ಎಲ್ಲವೂ ಒಂದೇ ಉಸಿರಿನ ರಾಗದಲ್ಲಿ ಹೊರಡುತ್ತಿವೆ.

"ಅಕ್ಕಮ್ಮ, ಸಾಸಿವೆ ಸೀದು ಹೋಗ್ತಿದೆ" ಎನ್ನುತ್ತಾರೆ, ವ್ಯಾನಿಗೆ ಪಾತ್ರೆ ತುಂಬುತ್ತಿರುವ ಶಿವಕುಮಾರ.

"ಸೀದ್ರೆ ಸೀಯ್ಲಿ ಬಿಡಪ್ಪಾ. ಅರ್ಧ ಮನೇಲಿ ನಿಲ್ಸಬಾರ್ದು" ಎನ್ನುತ್ತಾ ಅಕ್ಕಮ್ಮ ಉರಿ ತಗ್ಗಿಸುತ್ತಾರೆ.

ಅಕ್ಕಮ್ಮ ಶಿರಾ ಸೀಮೆಯ ಹೆಳವರ ಮನೆಯ ಮಗಳು. ಹೆಳವರೆಂದರೆ ಗೊತ್ತಲ್ಲ? ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ, ಹೊತ್ತು ಮೂಡುವ ಮೊದಲೇ ಒಕ್ಕಲು ಮನೆಗಳ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಆ ಮನೆಯ ವಂಶ ಹೇಳುವವರು. ಅಕ್ಕಮ್ಮನ ತಂದೆಗೆ ಗಂಡುಮಕ್ಕಳಿರಲಿಲ್ಲ. ಎತ್ತಿನ ಹಗ್ಗ ಹಿಡಿದು ಜೊತೆಗೆ ನಡೆದ ಮಗಳ ಕಿವಿಗೇ ಅಷ್ಟೂ ಹಾಡು ಬಿತ್ತು.

ಅಕ್ಕಮ್ಮನದೇ ವಂಶದ ಮೂಲದಲ್ಲಿ ಈಶಣ್ಣ ಎಂಬ ಹೆಳವನೊಬ್ಬನಿದ್ದನಂತೆ, ಪಾಳೆಯಗಾರರಿಗೂ ಹಿಂದಿನ ಕಾಲದವನು. ಯಾವ ಶಾಸನದಲ್ಲೂ ಅವನ ಹೆಸರಿಲ್ಲ, ಅಕ್ಕಮ್ಮನಿಗೆ ಅದರ ಚಿಂತೆಯೂ ಇಲ್ಲ. "ಅವ್ನ ದೊರೆ ದಂಡಿಗೆ ಹೆದ್ರಿ ಕ್ವಾಟೆ ಬಿಟ್ಟು ಓಡೋದ್ನಂತೆ. ಈಶಣ್ಣ ಅದ್ನ ಹೆಂಗ್ ಹೇಳ್ದ ಗೊತ್ತಾ? ದೇವಿ ತಾಯಿ ಬಂದು ದೊರೆ ಕಣ್ಣಿಗೆ ಸೆರಗು ಮುಚ್ಚಿ ನಡುಸ್ಕೊಂಡೋದ್ಲು ಅಂದ. ಕ್ವಾಟೆ ಬಿಟ್ಟಿದ್ದೂ ಅದ್ರಾಗೇ ಐತೆ. ದೊರೆ ಮಾನಾನೂ ಉಳೀತು."

ಇದು ಚರಿತ್ರೆಯೋ ಕಟ್ಟುಕತೆಯೋ ಎಂದು ಇಲ್ಲಿನ ಓದಿದವರು ಕೇಳುವುದುಂಟು. ಅಕ್ಕಮ್ಮ ನಗುತ್ತಾರೆ. "ಅನ್ನಕ್ಕೆ ಸಾರು ಕಲ್ಸಿದ್ಮೇಲೆ ಬ್ಯಾರೆ ಮಾಡಕ್ಕಾಯ್ತದಾ?"

ಹೋಟೆಲ್ ಅಡುಗೆಯವರಾಗಿ ಅಮೆರಿಕಕ್ಕೆ ಬಂದಿದ್ದ ಮಹದೇವ ಅವರನ್ನು ಮದುವೆಯಾಗಿ ಅಕ್ಕಮ್ಮ ಇಲ್ಲಿಗೆ ಬಂದರು. ಗಂಡ ತೀರಿಕೊಂಡ ಮೇಲೆ ಸೌಟು ಇವರ ಕೈಗೆ ಬಂತು. ವಾರವಿಡೀ ಆಫೀಸುಗಳಿಗೆ ಊಟದ ಡಬ್ಬಿ, ಶನಿವಾರ ಭಾನುವಾರ ನಾಮಕರಣ, ಗೃಹಪ್ರವೇಶ. ಊರಿನಿಂದ ಬಂದ ಅಜ್ಜಿಯರನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು, ತೆಂಗಿನಕಾಯಿ ತುರಿಯುತ್ತಲೇ ಅವರ ಮನೆತನದ ಕತೆ ಎತ್ತಿಕೊಳ್ಳುತ್ತಿದ್ದರು. ಊಟಕ್ಕೆ ಮುಂಚೆ ಎದ್ದು ನಿಂತು ಅದನ್ನೇ ಹೇಳುತ್ತಿದ್ದರು. ಕ್ರಮೇಣ ಜನ ಕೇಳಿ ಹೇಳಿಸಿಕೊಳ್ಳತೊಡಗಿದರು. ಇಲ್ಲಿನ ಕನ್ನಡ ಕೂಟದ ಕಾರ್ಯದರ್ಶಿ ಶ್ರೀನಿಯಂತೂ ತಮ್ಮ ಗೃಹಪ್ರವೇಶದಲ್ಲಿ, "ಆಂಟಿ, ನಮ್ಮ ಗ್ರೇಟ್ ಗ್ರ್ಯಾಂಡ್‌ಫಾದರ್‌ಗೆ ಒಂದು ಕುದುರೆ ಗಿದುರೆ ಸೇರಿಸಿ, ಚೆನ್ನಾಗಿರುತ್ತೆ" ಎಂದಿದ್ದರು. ಅಕ್ಕಮ್ಮ ಸೇರಿಸಿದರು. ಕುದುರೆ ಕೊಟ್ಟರೆ ಯಾರ ಗಂಟು ಹೋಗುತ್ತದೆ?

ಆಮೇಲೆ ಬಂತು ಎರಡು ಸಾವಿರದ ಎಂಟು. ಮ್ಯಾನ್‌ಹಟನ್ನಿನ ಗಾಜಿನ ಕಟ್ಟಡಗಳಲ್ಲಿ ಯಾರೋ ಮನೆಸಾಲಗಳ ಮೇಲೆ ಜೂಜಾಡಿದರು, ಬೀದಿಗೆ ಬಿದ್ದವರು ಇನ್ಯಾರೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು! ಟೆಲಿಕಾಂ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದ ಶಿವಕುಮಾರ ಮೊದಲು ಕೆಲಸ ಕಳೆದುಕೊಂಡರು. ಕಂತು ಕಟ್ಟಲಾಗದೆ ಮರುವರ್ಷ ಮನೆಯೂ ಬ್ಯಾಂಕಿನ ಪಾಲಾಯಿತು. ಹೆಂಡತಿ, ಮಗಳು ನಿಧಿಯೊಂದಿಗೆ ಹ್ಯಾರಿಸನ್ ಎಂಬ ಊರಿನಲ್ಲಿ ಯಾರದೋ ಬೇಸ್‌ಮೆಂಟ್ ಸೇರಿದರು. ಅವರ ಹಳೆಯ ಮನೆಯ ಹಿತ್ತಿಲ ಡೆಕ್ ಜಗಲಿಯ ಮೇಲೆ ಬೇಸಿಗೆಯಿಡೀ ಉಂಡವರು ಅಂಗಡಿಯಲ್ಲಿ ಎದುರಾದರೆ ಬೇಳೆಯ ಪೊಟ್ಟಣ ಓದುತ್ತಾ ನಿಲ್ಲುತ್ತಿದ್ದರು. ಥೂ, ಎಂಥ ಜನ!

ಅಕ್ಕಮ್ಮ ಮಾತ್ರ ನೇರ ಹೋಗಿ ಬಾಗಿಲು ತಟ್ಟಿದರು. "ಸುಮ್ಕೆ ಕುಂತ್ರೆ ತಲೆ ಕೆಡ್ತದೆ. ಬಾ, ವ್ಯಾನ್ ಡ್ರೈವ್ ಮಾಡು." ಅಂದಿನಿಂದ ಶಿವಕುಮಾರ ಪಾತ್ರೆ ಹೊರುತ್ತಾರೆ, ಸಾಂಬಾರು ಬಡಿಸುತ್ತಾರೆ, ಬಿಡುವಾದಾಗ ಕೆಲಸಕ್ಕೆ ಅರ್ಜಿ ಹಾಕುತ್ತಾರೆ.

ಕಳೆದ ನವೆಂಬರಿನ ರಾಜ್ಯೋತ್ಸವ ಇಲ್ಲಿನ ಶಾಲೆಯೊಂದರ ಸಭಾಂಗಣದಲ್ಲಿ ನಡೆಯಿತು. ಊಟ ಅಕ್ಕಮ್ಮನದು, ಊಟಕ್ಕೆ ಮುಂಚೆ ಕೂಟದ ಮನೆಗಳನ್ನು ಹೇಳುವ ಕಾರ್ಯಕ್ರಮವೂ ಅವರದೇ. ಅಂದು ಬೆಳಿಗ್ಗೆ ಶ್ರೀನಿ ಶಾಲೆಯ ಅಡುಗೆಮನೆಗೆ ಬಂದರು. "ಆಂಟಿ, ತಪ್ಪು ತಿಳ್ಕೋಬೇಡಿ. ಮೆಂಬರ್‌ಶಿಪ್ ರಿನ್ಯೂ ಮಾಡದೇ ಇರೋ ಫ್ಯಾಮಿಲೀಸ್ ಬೇಡ ಅಂತ ಕಮಿಟಿ ಡಿಸೈಡ್ ಮಾಡಿದೆ. ಶಿವಕುಮಾರ್ ಅವರದು ಸ್ಕಿಪ್ ಮಾಡಿಬಿಡಿ. ಹಬ್ಬದ ದಿನ ಮನೆ ಫೋರ್‌ಕ್ಲೋಶರ್ ಆದ ಕತೆ ಯಾಕೆ? ಡಿಪ್ರೆಸಿಂಗ್ ಆಗುತ್ತೆ."

ಶಿವಕುಮಾರ ನಾಲ್ಕು ಹೆಜ್ಜೆಯಾಚೆ ಸಾಂಬಾರಿನ ಬಕೆಟ್ ಹಿಡಿದು ನಿಂತಿದ್ದರು. ಶ್ರೀನಿಗೆ ಅವರು ಕಾಣಲಿಲ್ಲವೋ, ಕಂಡರೂ ಕಾಣದಂತೆ ಇದ್ದರೋ, ಅದು ಅವರ ಆತ್ಮಸಾಕ್ಷಿಗೆ ಬಿಟ್ಟದ್ದು.

ಹೆಳವರು ಒಂದು ಮನೆಯನ್ನು ಬಿಡುವುದು ಒಂದೇ ಕಾರಣಕ್ಕೆ: ಆ ಮನೆಯಲ್ಲಿ ದೀಪ ಹಚ್ಚುವವರು ಯಾರೂ ಉಳಿದಿಲ್ಲವೆಂದಾಗ. ಇದನ್ನು ನೆನೆದರೆ ಅಕ್ಕಮ್ಮನ ದನಿ ಇವತ್ತಿಗೂ ಏರುತ್ತದೆ. "ನಿರ್ವಂಶ ಆದ್ರೆ ಬಿಡ್ತೀವಿ ಕಣಪ್ಪಾ. ಬದುಕಿರೋರ್ನ ಬಿಡು ಅಂದ್ರೆ ತಿಥಿ ಮಾಡು ಅಂದಂಗೆ. ಉಪ್ಪು ತಿಂದ ಬಾಯಲ್ಲಿ ಈ ಮಾತು ಹೆಂಗ್ ಬಂತು ಇವ್ರಿಗೆ?"

ಅದಕ್ಕಿಂತ ಹೆಚ್ಚು ಉರಿದದ್ದು ಶಿವಕುಮಾರ ಆಡಿದ ಮಾತಿಗೆ. "ಬಿಡಿ ಅಕ್ಕಮ್ಮ, ಹೇಳಬೇಡಿ. ನಂಗೂ ಅದೇ ಈಸಿ" ಎಂದು ಅವರು ಬಕೆಟ್ ಎತ್ತಿಕೊಂಡು ಹೊರಟರು. ಅವನೇ ತನ್ನ ಮನೆಯ ದೀಪ ಆರಿಸಲು ಹೊರಟಿದ್ದಾನಲ್ಲ ಎಂದು ಅಕ್ಕಮ್ಮ ಸೌಟನ್ನು ಪಾತ್ರೆಗೆ ಕುಕ್ಕಿದರಂತೆ.

ವೇದಿಕೆಯಲ್ಲಿ ಅಕ್ಕಮ್ಮ ಮನೆಯ ಮೇಲೆ ಮನೆ ಹೇಳಿದರು. ಪ್ರತಿ ಮನೆಗೂ ಸಭೆಯಲ್ಲಿರುವ ಆ ಮನೆಯವರೊಬ್ಬರು "ಇದ್ದೇವೆ" ಎನ್ನಬೇಕು. ಆ ಉತ್ತರ ಬರುವವರೆಗೆ ಹೆಳವರು ಮುಂದಿನ ಮನೆಗೆ ಹೋಗುವಂತಿಲ್ಲ. ಶ್ರೀನಿಯ ಮನೆ ಬಂತು, ಕುದುರೆ ಸಮೇತ ಬಂತು, ಚಪ್ಪಾಳೆಯೂ ಬಿತ್ತು. ಅದರ ಬೆನ್ನಿಗೇ ಅಕ್ಕಮ್ಮ ದನಿ ಎತ್ತಿದರು.

"ಹಡ್ಸನ್ ಹೊಳೆಯಿಂದೆದ್ದ ರಕ್ಕಸ, ಸಾಲದ ಕಾಗದ ತಿಂದು ಹೊಟ್ಟೆ ಬೆಳೆಸಿದ ರಕ್ಕಸ, ಕದ ಸಮೇತ ಮನೆ ನುಂಗಿದ. ಹೆಂಡತಿ ಕೈ ಹಿಡಿದು, ಮಗಳ ಹೆಗಲಿಗೇರಿಸಿ, ಅವನ ಹಲ್ಲಿನ ಸಂದಿಯಿಂದ ಹೊರಗೆ ಬಂದವನು ಯಾರು? ಬೋರಲಿಂಗಯ್ಯನ ಮೊಮ್ಮಗ ಶಿವಕುಮಾರ!"

ಯಾರೋ ಮೈಕ್ ಆರಿಸಿದರು. ಬಯಲಲ್ಲಿ ಕೂಗಿ ಬೆಳೆದ ಗಂಟಲಿಗೆ ಮೈಕ್ ಯಾವ ಲೆಕ್ಕ? "ಈ ಮನೆ ಐತಾ?" ಎಂದು ಕೇಳಿ ನಿಂತರು. ಶ್ರೀನಿ ಪರದೆಯ ಸಂದಿಯಿಂದ ಕೈಸನ್ನೆ ಮಾಡುತ್ತಲೇ ಇದ್ದರು. ಅಕ್ಕಮ್ಮ ಕದಲಲಿಲ್ಲ. ಮತ್ತೆ ಕೇಳಿದರು.

ಅಡುಗೆಮನೆಯ ಬಾಗಿಲಲ್ಲಿ ಶಿವಕುಮಾರ ಬಕೆಟ್ ಕೆಳಗಿಟ್ಟರು. ಏಪ್ರನ್‌ಗೆ ಕೈ ಒರೆಸಿಕೊಂಡರು. "ಇದ್ದೀವಿ ಅಕ್ಕಮ್ಮ" ಎಂದರು. ದನಿ ಸಾಲದೆನಿಸಿತೇನೋ, ಇನ್ನೊಮ್ಮೆ, ಗೋಡೆಗೆ ಹೊಡೆಯುವಂತೆ, "ಇದ್ದೀವಿ!" ಎಂದರು.

ಈ ಯುಗಾದಿಗೆ ಕೂಟದ ಅಡುಗೆ ಬೇರೆಯವರ ಪಾಲಾಗಿದೆ. ಹೇಳುವ ಕಾರ್ಯಕ್ರಮದ ಜಾಗಕ್ಕೆ ಬಾಲಿವುಡ್ ಕುಣಿತ ಬಂದಿದೆ. ಕೂಟದವರು ಉಂಡರು, ಕುದುರೆ ಇಸಿದುಕೊಂಡರು, ಹೇಳಿದವಳನ್ನು ಹೊರಗಿಟ್ಟರು. ಅಕ್ಕಮ್ಮ ಇದಕ್ಕೆ ಅಳುವವರಲ್ಲ. ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುತ್ತಾ ಹೊರಗೆ ನೋಡುತ್ತಾರೆ. ಶಿವಕುಮಾರ ವ್ಯಾನಿನ ಪಕ್ಕದಲ್ಲಿ ಫೋನ್ ಹಿಡಿದು, ಯಾವುದೋ ಇಂಟರ್‌ವ್ಯೂಗೆ ದಿನ ಕೇಳಿ ಈಮೇಲ್ ಬರೆಯುತ್ತಿದ್ದಾರೆ.

ನಿಮಗೇನು ಬೇಕು ಅಕ್ಕಮ್ಮ ಎಂದರೆ ಅವರು ಬಹಳ ಯೋಚಿಸುವುದಿಲ್ಲ. "ಅವನಿಗೊಂದು ಕೆಲ್ಸ ಸಿಗ್ಲಿ. ಆಗ ರಕ್ಕಸ ಬ್ಯಾಡ, ದೇವ್ರೂ ಬ್ಯಾಡ. ಆ ಮನೇನ ಒಂದ್ ಸಲನಾದ್ರೂ ಬರೀ ನಿಜದಲ್ಲೇ ಹೇಳ್ಬೇಕು ನಾನು."