ಬೀಟ್ ಅಂದರೆ ಚೌಕಿ ಅಲ್ಲ

ಇದು ನಡೆದಾಗ ನನಗೆ ಐವತ್ತೇಳು. ಹನ್ನೆರಡು ವರ್ಷವಾಯಿತು. ಮೊನ್ನೆ ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಹಾಕಲೆಂದು ಜೋಳದ ಹಿಟ್ಟಿನ ಹಳೆಯ ಡಬ್ಬಿ ಇಳಿಸಿದೆ. ಮುಚ್ಚಳ ತೆಗೆದರೆ ಮುಗ್ಗಿದ ಹಿಟ್ಟಿನ ವಾಸನೆ. ತಳಕ್ಕೆ ಹಾಸಿದ್ದ ಪೇಪರ್ ಕಿತ್ತೆ. ಕೆಳಗೆ ಕೆಂಪು ಪಟ್ಟಿಯ ಒಂದು ಕಾರ್ಡು. ಅದು ಅಲ್ಲಿದೆ ಎಂದು ನನಗೆ ಗೊತ್ತಿತ್ತು. ಸೆರಗಿನಿಂದ ಹಿಟ್ಟು ಒರೆಸಿದೆ.

ಎದುರಿನ ಖೋಲಿಯ ಹುಡುಗಿಯದು ಅದು. ಫೋಟೋ ಮಾಸಿದೆ. ಹೆಸರು ಇಂಗ್ಲಿಷಿನಲ್ಲಿದೆ, ನನಗೆ ಬರುವುದಿಲ್ಲ. ನಾನು ಕಲಿತದ್ದು ಮೂರನೇ ಇಯತ್ತೆ. ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತೇನೆ, ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ.

ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ, ನಮ್ಮ ಸಾಲು ಖೋಲಿಗಳ ಚಾಳಿನಲ್ಲಿ ನಾನು ರೊಟ್ಟಿ ಬಡಿದು ಮಾರುತ್ತಿದ್ದೆ. ಆ ಹುಡುಗಿಗೆ ತಾಯಿ ಇರಲಿಲ್ಲ, ನನ್ನನ್ನೇ ಆಯಿ ಎಂದು ಕರೆಯುತ್ತಿದ್ದಳು. ಅಪ್ಪ ಸೆಂಟ್ರಿಂಗ್ ಕೆಲಸದ ಆಳುಗಳ ಮುಕಾದಮ, ನಮ್ಮ ವಿಜಾಪುರದ ಕಡೆಯವನೇ. ಒಮ್ಮೆ ಅವನ ಸೈಟಿನಲ್ಲಿ ಒಬ್ಬ ಮೇಲಿಂದ ಬಿದ್ದು ಸತ್ತ. ಪೇಪರಿನವರು ಫೋಟೋ ಹಾಕಿದರು, ಪೊಲೀಸರು ಇವನನ್ನು ಎರಡು ದಿನ ಕೂರಿಸಿಕೊಂಡರು. ಅಂದಿನಿಂದ ಅವನು ಪೇಪರಿನವರನ್ನು ಕಂಡರೂ ಪೊಲೀಸರನ್ನು ಕಂಡರೂ ರಸ್ತೆ ದಾಟಿ ಆಚೆ ಹೋಗುತ್ತಿದ್ದ. ಮಗಳು ಕಾಮರ್ಸ್ ಓದುತ್ತಾಳೆ, ಬ್ಯಾಂಕಿಗೆ ಸೇರುತ್ತಾಳೆ ಎಂದು ನಂಬಿದ್ದ. ಅವಳು ಓದುತ್ತಿದ್ದದ್ದು ಮಾಸ್ ಮೀಡಿಯಾ. ಚಾಳಿನಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೆ.

ಕಾಲೇಜಿನಿಂದ ಬಂದು ನನ್ನ ಒಲೆಯ ಮುಂದೆ ಕೂರುತ್ತಿದ್ದಳು. ಆ ಓದಿಗೆ ಏನೇನು ಕೆಲಸ ಸಿಗುತ್ತದೆ ಎಂದು ಹೇಳುತ್ತಿದ್ದಳು. ಪೇಪರ್, ರೇಡಿಯೋ, ಟಿವಿ, ಜಾಹೀರಾತು ಬರೆಯುವುದು, ಕಾರ್ಟೂನಿಗೆ ದನಿ ಕೊಡುವುದು. ಕಂಪನಿಯ ಹೆಸರು ಕೆಡದಂತೆ ನಾಲ್ಕು ಜನಕ್ಕೆ ಒಳ್ಳೆಯದು ಹೇಳಿಕೊಂಡು ತಿರುಗುವುದಕ್ಕೂ ಪಗಾರ ಇದೆಯಂತೆ. ನಮ್ಮೂರಲ್ಲಿ ಅಂಥವನಿಗೆ ಹೊಗಳುಭಟ್ಟ ಎನ್ನುತ್ತಾರೆ ಎಂದೆ. ನಕ್ಕು ಉರುಳಿದಳು. ಅವಳಿಗೆ ಬೇಕಾಗಿದ್ದದ್ದು ಮಾತ್ರ ಪೇಪರ್. ಅಪ್ಪನಿಗೆ ಹೆದರಿಕೆ ಇದ್ದದ್ದೇ ಮಗಳಿಗೆ ಬೇಕಾಗಿತ್ತು.

“ಡೈರೆಕ್ಟ್ ಜಾಬ್ ನಹೀ ಮಿಲ್ತಾ, ಆಯಿ. ಪಹಲೇ ಇಂಟರ್ನ್ ಆಗ್ಬೇಕು,” ಎಂದಳು.

“ಹಂಗಂದ್ರ?”

“ಪುಕಟ್ ಕೆಲಸ ಮಾಡಿ ಕಲಿಯೋದು. ಕೊರಳಿಗೆ ಒಂದು ಕಾರ್ಡ್ ಕೊಡ್ತಾರ.”

“ಅದನ್ನ ನಾ ಲಗ್ನ ಆದಾಗಿಂದ ಮಾಡಾಕತ್ತೀನಿ. ನನಗೇನು ಕಾರ್ಡ್ ಕೊಟ್ಟಿಲ್ಲ ಯಾರೂ.”

ದಾದರ್‌ನ ಒಂದು ಪೇಪರಿನಲ್ಲಿ ಎರಡು ತಿಂಗಳಿಗೆ ಅವಳನ್ನು ತೆಗೆದುಕೊಂಡರು. ಚೆನ್ನಾಗಿ ಮಾಡಿದರೆ ಮುಂದೆ ಅಲ್ಲೇ ನೌಕರಿ. ಕ್ಲಾಸಿನ ಅಷ್ಟೂ ಮಕ್ಕಳಲ್ಲಿ ಸಿಕ್ಕಿದ್ದು ಇಬ್ಬರಿಗಂತೆ. ಆದರೆ ಫಾರ್ಮಿಗೆ ಮನೆಯ ಹಿರಿಯರ ಸಹಿ ಬೇಕು. ಹುಡುಗಿ ಫಾರ್ಮ್ ತಂದು ನನ್ನ ಮುಂದೆ ಹಿಡಿದಳು. ಹಿಟ್ಟಿನ ಕೈ ಒರೆಸಿಕೊಂಡು ಅವಳು ಬೆರಳಿಟ್ಟ ಕಡೆ ಕನ್ನಡದಲ್ಲಿ ನನ್ನ ಹೆಸರು ಬರೆದೆ. ಏನು ಬರೆದಿತ್ತೋ, ಯಾರಿಗೆ ಹೋಗುವುದೋ ಕೇಳಲಿಲ್ಲ. ಆ ರಾತ್ರಿಯಿಂದಲೇ ಒಂದು ಹುಳ ತಲೆ ಹೊಕ್ಕಿತು. ಅವಳಿಗೆ ಏನಾದರೂ ಆದರೆ ಆ ಕಾಗದದಲ್ಲಿ ಇರುವುದು ನಾನು.

ಅವಳು ಕೆಲಸಕ್ಕೆ ಹೋಗಲು ಶುರುಮಾಡಿದ ಮೂರನೇ ದಿನ, ಮಧ್ಯಾಹ್ನ ಫೋನ್ ಬಂತು. ಸುತ್ತ ಗದ್ದಲ, ಅವಳ ದನಿ ಏದುಸಿರಲ್ಲಿತ್ತು. “ಆಯಿ, ನಂಗ ಕ್ರೈಂ ಬೀಟ್ ಸಿಕ್ತು. ಲೇಟ್ ಆಗ್ತದ. ಪಪ್ಪಾಗ ಹೇಳಬ್ಯಾಡ.” ಅಷ್ಟೇ, ಕಟ್ಟಾಯಿತು.

ಬೀಟ್ ಎಂದರೆ ನನಗೆ ಗೊತ್ತಿದ್ದದ್ದು ಒಂದೇ. ನಮ್ಮ ರಸ್ತೆ ಕೂಡುವ ನಾಕಾದಲ್ಲಿರುವ ಬೀಟ್ ಚೌಕಿ, ಹವಾಲ್ದಾರರು ಕೂರುವ ಜಾಗ. ಕ್ರೈಂ ಎಂದರೆ ಏನೆಂದು ಮುಂಬಯಿಯಲ್ಲಿ ಕುರುಡನಿಗೂ ಗೊತ್ತು. ಹುಡುಗಿಯನ್ನು ಹಿಡಿದುಕೊಂಡು ಹೋಗಿದ್ದಾರೆ ಎಂದುಕೊಂಡೆ. ತಿರುಗಿ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಬಂದ್. ತವೆಯ ಮೇಲಿನ ರೊಟ್ಟಿ ಕರಕಾಗಿದ್ದೂ ತಿಳಿಯಲಿಲ್ಲ.

ಚೌಕಿಗೆ ಓಡಿದೆ. ಹವಾಲ್ದಾರ ಸುಪಾರಿ ಕತ್ತರಿಸುತ್ತಿದ್ದ. ಯಾವ ಚೌಕಿ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಈ ಊರಲ್ಲಿ ನೂರಾರು ಚೌಕಿ ಇವೆ ಆಜೀ, ಒಂದೊಂದೇ ಕೇಳುತ್ತಾ ಹೋಗು ಎಂದ. ಹುಡುಗಿ ನಿನಗೇನಾಗಬೇಕು ಎಂದೂ ಕೇಳಿದ. ಏನೂ ಅಲ್ಲ ಎಂದು ಹೇಳಿ ಬಂದುಬಿಟ್ಟೆ. ಖೋಲಿಯ ಬಾಗಿಲು ಹಾಕಿಕೊಂಡು ಕೂತೆ. ಮೆಟ್ಟಿಲ ಮೇಲೆ ಯಾರ ಬೂಟಿನ ಸದ್ದಾದರೂ ನನ್ನನ್ನೇ ಕರೆಯಲು ಬಂದರು ಅನಿಸುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಆ ಎರಡು ತಾಸು ನಾನು ಹೆದರಿದ್ದು ಹುಡುಗಿಗಾಗಿ ಅರ್ಧ, ನನ್ನ ಸಹಿಗಾಗಿ ಅರ್ಧ. ಅರ್ಧಕ್ಕಿಂತ ಹೆಚ್ಚೇ ಇರಬಹುದು...

ಆರು ಗಂಟೆಗೆ ಅವಳ ಅಪ್ಪ ಬಂದ. ಹೇಳಿಬಿಟ್ಟೆ. ಕಾಮರ್ಸ್ ಅಲ್ಲ ಎಂದೂ, ಪೇಪರ್ ಎಂದೂ, ಪೊಲೀಸರು ಹಿಡಿದಿದ್ದಾರೆ ಎಂದೂ. ಸಹಿಯದನ್ನು ಮಾತ್ರ ಹೇಳಲಿಲ್ಲ. ಅವನು ನೀರು ಸಹ ಕುಡಿಯದೆ ಟ್ಯಾಕ್ಸಿ ಹಿಡಿದ. ನಾನೂ ಹತ್ತಿದೆ. ಮೊದಲು ಆಫೀಸಿನಲ್ಲಿ ಕೇಳೋಣ ಎಂದು ದಾದರ್‌ಗೆ ಹೋದೆವು.

ಆಫೀಸಿನ ಗೇಟಿನಲ್ಲಿ ಇನ್ನೂ ಇಳಿಯುತ್ತಿದ್ದೆವು, ಹುಡುಗಿ ಮೆಟ್ಟಿಲಿಳಿದು ಬಂದಳು. ಕೊರಳಲ್ಲಿ ಕೆಂಪು ಪಟ್ಟಿಯ ಕಾರ್ಡು, ಕೈಯಲ್ಲಿ ವಹಿ-ಪೆನ್ನು, ಪಕ್ಕದಲ್ಲಿ ಆಫೀಸಿನ ಕನ್ನಡಕದ ಹೆಂಗಸೊಬ್ಬಳು. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ಅಪ್ಪನನ್ನು ಕಂಡದ್ದೇ ನಗು ನಿಂತಿತು. ಆಮೇಲೆ ನನ್ನನ್ನು ನೋಡಿದಳು. ಬೀಟ್ ಚೌಕಿಯಿಂದ ಯಾವಾಗ ಬಿಟ್ಟರು ಎಂದು ಕೇಳಿದೆ.

“ಆಯಿ, ಬೀಟ್ ಅಂದ್ರ ಚೌಕಿ ಅಲ್ಲ. ನಂಗ ಕೊಟ್ಟಿರೋ ಕೆಲಸ.”

ಅಪರಾಧದ ಸುದ್ದಿ ತರುವ ಕೆಲಸಕ್ಕೆ ಅವರಲ್ಲಿ ಹಾಗೆ ಅನ್ನುತ್ತಾರಂತೆ. ಹೊಸಬರಿಗೆ ಅದು ಸಿಗುವುದು ಕಷ್ಟವಂತೆ. ಆ ಸಂತೋಷಕ್ಕೇ ಫೋನ್ ಮಾಡಿದ್ದಳು. ಕನ್ನಡಕದ ಹೆಂಗಸು ಹಿಂದಿಯಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿದಳು, ಹುಡುಗಿ ಚುರುಕು ಎಂದಳು. ಅಪ್ಪ ಕೇಳಿಸಿಕೊಂಡ. ಮಗಳು ಪೊಲೀಸರ ಕೈಯಲ್ಲಿಲ್ಲ ಎಂದು ಅವನ ಮುಖ ಸ್ವಲ್ಪ ಸಡಿಲಾಗಿತ್ತು. ಅಷ್ಟರಲ್ಲಿ ಆ ಹೆಂಗಸು, ಮನೆಯವರ ಸಹಿ ಪಡೆದೇ ತೆಗೆದುಕೊಂಡಿದ್ದೇವೆ ಎಂದಳು.

“ಸಹಿ ಯಾರು ಮಾಡ್ಯಾರ?” ಎಂದ ಅಪ್ಪ.

ಹುಡುಗಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅಲ್ಲಿ ಯಾರೋ ಉಗುಳಿದ ಪಾನಿನ ಕಲೆ ಇತ್ತು, ಅದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

“ನಾನೇ, ಪಪ್ಪಾ. ಖೋಟಾ ಮಾಡೀನಿ,” ಎಂದಳು.

ಆ ಓದನ್ನು ಅವನು ನುಂಗಿಕೊಳ್ಳುತ್ತಿದ್ದನೇನೋ. ಖೋಟಾ ಸಹಿಯನ್ನು ನುಂಗಲಿಲ್ಲ. ಅದು ಮತ್ತೆ ಪೊಲೀಸರ ಮಾತು, ಅವನಿಗೆ ಗೊತ್ತಿದ್ದ ಹೆದರಿಕೆ. ಮಗಳ ಭುಜದಿಂದ ಬ್ಯಾಗು ತೆಗೆದು ತಾನು ಹಾಕಿಕೊಂಡು “ನಡಿ” ಎಂದ. ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ನನಗೆ ಮಾತ್ರ, ಹೇಳಿ ಪುಣ್ಯ ಕಟ್ಟಿಕೊಂಡಿ ಯಕ್ಕಾ ಎಂದ. ಅದನ್ನೂ ಕೇಳಿಸಿಕೊಂಡು ಸುಮ್ಮನೆ ಟ್ಯಾಕ್ಸಿಯಲ್ಲಿ ಕೂತೆ.

ಅದಾದ ಮೂರನೇ ದಿನಕ್ಕೆ ಕಾಲೇಜು ಬಿಡಿಸಿ ಸೊಲ್ಲಾಪುರಕ್ಕೆ, ಅವಳ ಸೋದರತ್ತೆಯ ಮನೆಗೆ ಕರೆದುಕೊಂಡು ಹೋದ. ಹೊರಡುವಾಗ ಅವಳು ನನ್ನ ಖೋಲಿಗೆ ಬರಲಿಲ್ಲ. ನಾನೂ ಒಳಗೇ ಕೂತಿದ್ದೆ. ಬಾಗಿಲ ಮೊಳೆಗೆ ಏನೋ ತಗುಲಿಸಿದ ಸದ್ದಾಯಿತು, ಎದ್ದು ನೋಡಲಿಲ್ಲ. ಆಮೇಲೆ ಅಪ್ಪ ಒಬ್ಬನೇ ಬಂದು ಸಾಮಾನು ಒಯ್ದ.

ಅವಳು ಚಾದರದ ಅಂಗಡಿಯಲ್ಲಿ ಕೂರುತ್ತಾಳೆ ಎಂದು ಒಬ್ಬರು ಹೇಳಿದರು. ಪುಣೆಯ ರೇಡಿಯೋದಲ್ಲಿ ಮಾತಾಡುತ್ತಾಳೆ ಎಂದು ಇನ್ನೊಬ್ಬರು. ಇಬ್ಬರೂ ಅವಳನ್ನು ಕಣ್ಣಾರೆ ಕಂಡವರಲ್ಲ... ನಾನು ಬಾಯಿ ಬಿಟ್ಟದ್ದಕ್ಕೆ ಅವಳ ಕೆಲಸ ಹೋಯಿತು, ಬಾಯಿ ಮುಚ್ಚಿದ್ದಕ್ಕೆ ಓದು ಹೋಯಿತು. ಈಗ ಆ ಖೋಲಿಯಲ್ಲಿ ಬೇರೆಯವರಿದ್ದಾರೆ. ಡಬ್ಬಿ ಭಂಗಾರಕ್ಕೆ ಹಾಕಿದೆ. ಕಾರ್ಡು ಇಲ್ಲೇ ನನ್ನ ಮುಂದೆ ಇದೆ, ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ಅವಳು ಹೋದ ಮರುದಿನ ಬೆಳಿಗ್ಗೆ ಮಾತ್ರ ಎಲ್ಲಿಡಬೇಕೆಂದು ನನಗೆ ಚೆನ್ನಾಗಿ ತಿಳಿದಿತ್ತು. ನಳಕ್ಕೆ ನೀರು ಬರುವ ಮುಂಚೆ, ಯಾರೂ ಏಳುವ ಮುಂಚೆ ಬಾಗಿಲು ತೆಗೆದೆ. ಮೊಳೆಯಿಂದ ಕಾರ್ಡು ಬಿಡಿಸಿಕೊಂಡು ಡಬ್ಬಿಯ ಪೇಪರಿನ ಕೆಳಗೆ ತುರುಕಿದೆ. ಮೇಲೆ ಐದು ಕಿಲೋ ಹಿಟ್ಟು ಸುರಿದು ರೊಟ್ಟಿಗೆ ಕೂತೆ.