ಹೊತ್ತು ಹುಟ್ಟುವ ಮುಂಚಿನ ನೀರು

ಲಿಂಗ ಬದುಕಿದ್ದ ಕಡೆಯ ದಿನ ಬೆಳಿಗ್ಗೆ ಗಂಡ ಹೆಂಡತಿ ಜಗಳ ಆಡಿದ್ದರು. ದೊಡ್ಡ ಜಗಳವೇನಲ್ಲ. ದಿನಾ ಆಡುವುದೇ.

ಮಾರ್ಗಳಿ ತಿಂಗಳು, ಚಳಿ ಕೊರೆಯುವ ಕಾಲ. ಊಟಿಯ ಸರ್ಕಾರಿ ಹೂದೋಟದ ಹುಲ್ಲಿನ ಮೇಲೆಲ್ಲ ಹಿಮ ಬಿದ್ದು ಉಪ್ಪು ಚೆಲ್ಲಿದಂತಿತ್ತು. ತೋಟದ ಬೇಲಿಯ ಪಕ್ಕ ಕೂಲಿಯವರಿಗೆ ಕೊಟ್ಟ ಗುಡಿಸಲುಗಳಿದ್ದವು. ಅವುಗಳಲ್ಲೊಂದರಿಂದ ಲಿಂಗ ತೂತುಮೂತಿಯ ನೀರಿನ ಡಬ್ಬ ಹಿಡಿದು ಹೊರಬಿದ್ದ. ಹಿಂದೆಯೇ ಹೆಂಡತಿ ಮಾತಿ ಮಂಡೆಗೆ ಬಟ್ಟೆ ಸುತ್ತಿಕೊಳ್ಳುತ್ತಾ ಬಂದಳು.

"ಹೊತ್ತಿಗೆ ಕೈ ಮುಗಿಯದೆ ಕೆಲಸಕ್ಕೆ ಹೊರಟೆಯಲ್ಲ, ನಾಚಿಕೆ ಇಲ್ಲೆಯಾ ನಿನಗೆ?"

"ಹೊತ್ತು ಇನ್ನೂ ಮಲಗಿದೆ. ಎಬ್ಬಿಸಿ ಕೈ ಮುಗಿಯಲಾ?"

ಇತ್ತಲಾರ್ ಕಡೆಯ ಅವರ ಹಟ್ಟಿಯಲ್ಲಿ ಹೊತ್ತು ಎಂದರೆ ಸೂರ್ಯ. ಅದು ಹುಟ್ಟುವುದನ್ನು ನೋಡಿ, ಅಂಗಳದಲ್ಲಿ ನಿಂತು ಕೈ ಮುಗಿದು, ಆಮೇಲೇ ಗುದ್ದಲಿ ಮುಟ್ಟಬೇಕು. ಮುಗಿಯದೆ ಮುಟ್ಟಿದವನ ಮನೆಗೆ ಒಳಿತಾಗದು. ಅತ್ತೆ ಮಹಾಲಿಂಗಮ್ಮ ಸೊಸೆಗೆ ಮೊದಲು ಹೇಳಿಕೊಟ್ಟ ಪಾಠವೇ ಇದು. ಅದೇ ಅತ್ತೆಯ ಮಗ ತೋಟಕ್ಕೆ ಸೇರಿದ ಮೇಲೆ ಪಾಠ ಮರೆತಿದ್ದ.

"ಹಿಮ ಕೂತ ಎಲೆಗೆ ಬಿಸಿಲು ಬಿದ್ದರೆ ಎಲೆ ಸುಟ್ಟು ಹೋಗುತ್ತೆ ಮಾತೀ. ಮೊದಲು ನೀರು ಹೊಡೆದು ಹಿಮ ತೊಳೀಬೇಕು. ಆಮೇಲೆ ಎರಡಲ್ಲ, ನಾಕು ಕೈ ಮುಗೀತೀನಿ. ನಿನ್ನ ಕೈಯೂ ಸೇರಿಸಿಕೊಂಡು."

ಹೀಗೆಂದು ನಗುತ್ತಾ ಹೋದ. ಗಾಜಿನ ಮನೆಯ ಮುಂದೆ ಜಿರೇನಿಯಂ ಕಡ್ಡಿಗಳನ್ನು ನೆಟ್ಟ ಪಾತಿ ಅವನದು. ಮೇ ತಿಂಗಳ ಹೂವಿನ ಪ್ರದರ್ಶನಕ್ಕೆ ಆ ಪಾತಿ ಕೆಂಪಗೆ ತುಂಬಿರಬೇಕು. ಸಂಜೆ ಸೊಪ್ಪು ಹೊದಿಸುವುದು, ಬೆಳಿಗ್ಗೆ ತೆಗೆದು ನೀರು ಹೊಡೆಯುವುದು. ಕೂಸನ್ನು ಮಲಗಿಸಿ ಎಬ್ಬಿಸಿದ ಹಾಗೆ. ಅವರಿಗೆ ಕೂಸು ಇರಲಿಲ್ಲ.

ಆ ಮಧ್ಯಾಹ್ನ ಲಿಂಗ ಹೊದಿಕೆಯ ಸೊಪ್ಪು ತರಲು ಗುಡ್ಡ ಹತ್ತಿದ. ಹೊರೆ ಕಟ್ಟಿದ. ಎದೆ ಹಿಡಿದುಕೊಂಡು ಹೊರೆಯ ಮೇಲೇ ಕೂತ. ಮತ್ತೆ ಏಳಲಿಲ್ಲ.

ಹಟ್ಟಿಗೆ ಒಯ್ದು ಮಣ್ಣು ಮಾಡಿದರು. ಎಲ್ಲರೂ ಅತ್ತರು. ಮಾತಿ ಅಳಲಿಲ್ಲ. ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಕೈ ಮುಗಿಯದೆ ಹೋದ, ಅದಕ್ಕೇ ಹೊತ್ತು ಅವನನ್ನು ಕರೆದುಕೊಂಡಿತು. ಇದನ್ನು ಯಾರ ಮುಂದೆ ಹೇಳುವುದು? ಅವನನ್ನು ಹೆತ್ತವಳ ಮುಂದೆ ಹೇಳುವ ಮಾತೇ ಇದು?

ಅವಳ ಅಣ್ಣ ಮಾದ ಮಂಜೂರಿನ ಕಡೆಯಿಂದ ಬಂದಿದ್ದ. "ನಡಿ ನಮ್ಮ ಹಟ್ಟಿಗೆ. ಮಕ್ಕಳಿಲ್ಲೆ, ಮರಿ ಇಲ್ಲೆ. ನಿನಗೇನು ವಯಸ್ಸಾಯ್ತು? ಒಳ್ಳೆ ಮನೆ ನೋಡ್ತೀನಿ."

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಅವರಲ್ಲಿ ಗಂಡ ಸತ್ತವಳು ಮತ್ತೆ ಮನೆ ಕಟ್ಟಿಕೊಳ್ಳುವುದು ಹೊಸದೇನಲ್ಲ. ಆದರೆ ಮಾತಿಗೆ ಬೇರೆ ಮನೆ ಬೇಕಿರಲಿಲ್ಲ. ಬೇಲಿಯ ಪಕ್ಕದ ಗುಡಿಸಲು ಬೇಕಿತ್ತು. ಅಲ್ಲಿ ಲಿಂಗನ ಕಂಬಳಿ ಇನ್ನೂ ಗೂಟದಲ್ಲಿ ತೂಗುತ್ತಿತ್ತು.

"ನಮ್ಮ ಹೆತ್ತೆ ಅಮ್ಮನ ಹಬ್ಬ ಕಳೀಲಿ. ಆಗ ನೋಡೋಣ" ಎಂದಳು.

"ಆಗ ನೋಡೋದೇನಿಲ್ಲೆ. ಬಂದು ಕರಕೊಂಡು ಹೋಗ್ತೀನಿ, ಅಷ್ಟೇ" ಎಂದು ಮಾದ ಹೋದ.

ಅವಳು ನೇರ ತೋಟಕ್ಕೆ ಹೋಗಿ ಧರ್ಮಲಿಂಗಂ ಮೇಸ್ತ್ರಿಯ ಮುಂದೆ ನಿಂತಳು. ಮೇಸ್ತ್ರಿ ಕೊಯಮತ್ತೂರು ಕಡೆಯವನು. ಬಾಯಿ ದೊಡ್ಡದು, ಮನಸ್ಸು ಕೆಟ್ಟದ್ದಲ್ಲ.

"ಹೆಂಗಸರು ಕಳೆ ಕೀಳೋರು ತಾಯೀ. ಹಿಮದ ನೀರು ಗಂಡಸರ ಕೆಲಸ. ಬೆರಳು ಮರಗಟ್ಟಿ ಹೋಗುತ್ತೆ."

"ಎನಗೂ ಬೆರಳು ಇದೆ. ಮರಗಟ್ಟಲಿ."

ಮೇಸ್ತ್ರಿ ಪಾತಿಯ ಕಡೆ ನೋಡಿದ. "ನಿನ್ನ ಗಂಡ ಗಿಡಗಳಿಗೆ ಬೈತಿದ್ದ. ಹೆದರಿಕೊಂಡೇ ಬೆಳೀತಿದ್ದವು. ಸರಿ. ಹಿಮ ಹೋಗೋವರೆಗೆ ಈ ಪಾತಿ ಉಳಿಸು. ಉಳಿದರೆ ಕೆಲಸ ನಿನ್ನದು, ಗುಡಿಸಲೂ ನಿನ್ನದು. ಸುಟ್ಟು ಹೋದರೆ ಅಣ್ಣನ ಜೊತೆ ಹೋಗಿಬಿಡು."

ಮಾರನೆಯ ದಿನ ಕತ್ತಲು ಹರಿಯುವ ಮುನ್ನವೇ ಎದ್ದಳು. ಡಬ್ಬ ತುಂಬಿಸಿದಳು. ಸೊಪ್ಪು ತೆಗೆದಳು. ಎಲೆಗಳ ಮೇಲೆ ಬಿಳಿ ಪುಡಿ ಕೂತಿತ್ತು. ನೀರು ಹೊಡೆಯಬೇಕು ಎಂದು ಗೊತ್ತು. ಲಿಂಗ ದಿನಾ ಹೇಳಿದ್ದೇ. ಆದರೆ ಡಬ್ಬ ಎತ್ತಿದ ಕೈ ಬಗ್ಗಲಿಲ್ಲ. ಕೈ ಮುಗಿಯದೆ ನೀರು ಹಿಡಿದವನು ಮಣ್ಣಿನಲ್ಲಿದ್ದಾನೆ. ಅವಳು ಡಬ್ಬ ಕೆಳಗಿಟ್ಟು ದೊಡ್ಡಬೆಟ್ಟದ ಕಡೆ ತಿರುಗಿ ನಿಂತಳು. ಕಾದಳು. ಬೆಟ್ಟದ ತಲೆ ಕೆಂಪಾಯಿತು. ಹೊತ್ತು ಇಣುಕಿತು. ಕೈ ಮುಗಿದಳು. ಆಮೇಲೆ ಓಡಿ ಓಡಿ ನೀರು ಹೊಡೆದಳು.

ಮಧ್ಯಾಹ್ನದ ಹೊತ್ತಿಗೆ ಬಿಸಿಲು ಮೊದಲು ಬಿದ್ದ ಸಾಲು ಕಪ್ಪಾಗಿ ಜೋತು ಬಿತ್ತು, ಬೇಯಿಸಿದ ಸೊಪ್ಪಿನ ಹಾಗೆ.

ಮೇಸ್ತ್ರಿ ಬಂದು ನೋಡಿದ. ಬೈಯಲಿಲ್ಲ. ಅದೇ ಕಷ್ಟವಾಯಿತು. "ಇನ್ನೊಂದು ಸಾಲು ಹೀಗಾದರೆ ನಾನೇನೂ ಮಾಡೋಕಾಗಲ್ಲ ತಾಯೀ" ಎಂದು ಹೋದ.

ಆ ಸಂಜೆ ಅತ್ತೆ ಬಂದಳು. ಸೊಸೆ ಒಬ್ಬಳೇ ಇದ್ದಾಳೆಂದು ರಾಗಿ ಹಿಟ್ಟು ಕಟ್ಟಿಕೊಂಡು ಹಟ್ಟಿಯಿಂದ ನಡೆದು ಬಂದಿದ್ದಳು. ಬಂದವಳೇ ಒಲೆ ಹೊತ್ತಿಸಿದಳು. ಮಾತಿ ಮೂಲೆಯಲ್ಲಿ ಕೂತಿದ್ದಳು.

"ಪಾತಿ ಸುಟ್ಟೆಯಂತೆ. ಮೇಸ್ತ್ರಿ ಹೇಳಿದ. ಹೇಗೆ ಸುಟ್ಟೆ?"

ಆಗ ಎಲ್ಲ ಹೊರಗೆ ಬಂತು. ಜಗಳ, ನಗು, ಕೈ ಮುಗಿಯದೆ ಹೋದದ್ದು. "ನೀನೇ ಅಲ್ಲವಾ ಅತ್ತೆ ಹೇಳಿಕೊಟ್ಟದ್ದು?" ಎಂದು ಈಗ ಅತ್ತಳು. ಅಷ್ಟು ದಿನದ್ದೂ ಸೇರಿಸಿ ಅತ್ತಳು.

ಮಹಾಲಿಂಗಮ್ಮ ಹಿಟ್ಟು ತಿರುವುವುದನ್ನು ನಿಲ್ಲಿಸಲಿಲ್ಲ. ಹಿಟ್ಟು ಗಂಟಾಗುತ್ತದೆ.

"ಅವನು ಹುಟ್ಟಿದ್ದು ಹೊತ್ತು ಹುಟ್ಟುವಾಗಲೇ. ನಾನು ಎದ್ದು ಹೋಗಿ ಕೈ ಮುಗಿದೆನಾ? ಕೂಸು ಕಿರುಚುತ್ತಿತ್ತು. ಮೊದಲು ಹಾಲು ಕುಡಿಸಿದೆ. ಬಿಸಿಲು ಅಂಗಳಕ್ಕೆ ಬಂದ ಮೇಲೆ ಮಲಗಿದಲ್ಲಿಂದಲೇ ಕೈ ಮುಗಿದೆ. ಹೊತ್ತು ಮುನಿಸಿಕೊಂಡಿತಾ? ಅಷ್ಟು ವರ್ಷ ಅವನನ್ನು ಬಾಳಿಸಿತು."

ಒಲೆಗೆ ಒಂದು ಸೌದೆ ತಳ್ಳಿದಳು.

"ಅವನಿಗೆ ಎದೆ ನೋವು. ಅವರಪ್ಪನಿಗೂ ಇತ್ತು. ಹೊತ್ತಿನ ಮೇಲೆ ಯಾಕೆ ಹಾಕ್ತೀಯ? ಹಸಿದು ಬಾಯಿ ಬಿಟ್ಟದ್ದಕ್ಕೆ ಮೊದಲು ಕೊಡು, ಕೂಸಾಗಲಿ ಗಿಡವಾಗಲಿ. ಮುಗಿಯೋ ಕೈ ಎಲ್ಲಿಗೂ ಹೋಗಲ್ಲ, ನಿನ್ನ ಹತ್ತಿರವೇ ಇರುತ್ತೆ. ಏಳು, ಉಣ್ಣು."

ಬೆಳಿಗ್ಗೆ ಮಾತಿ ಬೆಟ್ಟದ ಕಡೆ ನೋಡಲೇ ಇಲ್ಲ. ಸೊಪ್ಪು ತೆಗೆದು ನೀರು ಹೊಡೆದಳು. ಬೆರಳು ಮರಗಟ್ಟಿದವು. ಎಲೆಯ ಮೇಲಿನ ಬಿಳಿ ಕರಗಿ ಹಸಿರು ಕಂಡಿತು. ಕಡೆಯ ಸಾಲು ಮುಗಿಯುವಾಗ ಹೊತ್ತು ಹುಟ್ಟಿತು. ಒದ್ದೆ ಕೈಯಲ್ಲೇ ಕೈ ಮುಗಿದಳು. ಏನಾದರೂ ಆಗುತ್ತದೆಂದು ಕಾದಳು. ಬಿಸಿಲು ಬಂದು ಅವಳ ಬೆರಳನ್ನು ಬೆಚ್ಚಗೆ ಮಾಡಿತು. ಬೇರೇನೂ ಆಗಲಿಲ್ಲ. ಮಧ್ಯಾಹ್ನ ಬಂದು ನೋಡಿದಳು. ಒಂದು ಎಲೆಯೂ ಕಪ್ಪಾಗಿರಲಿಲ್ಲ.

ಹಬ್ಬ ಕಳೆದ ಮೇಲೆ ಒಂದು ದಿನ ಕತ್ತಲಿರುವಾಗಲೇ ಮಾದ ಬಂದ. ಅವಳು ಪಾತಿಯಲ್ಲಿದ್ದಳು.

"ಗಂಟು ಕಟ್ಟಿದೆಯಾ?"

"ಅಲ್ಲಿ ಇನ್ನೊಂದು ಡಬ್ಬ ಇದೆ ಅಣ್ಣಾ. ತುಂಬಿಸಿಕೊಂಡು ಬಾ."

"ನಾನು ನಿನ್ನ ಕರೆಯೋಕೆ ಬಂದೆ, ನೀರು ಹೊರೋಕಲ್ಲ!"

"ಹೊತ್ತು ಹುಟ್ಟುತ್ತೆ. ಬೇಗ!"

ಮಾದ ಗೊಣಗುತ್ತಾ ನೀರು ಹೊತ್ತ. "ಇಂಥಾ ಚಳಿಯಲ್ಲಿ ಎಮ್ಮೆಯೂ ಹೊರಗೆ ಬರಲ್ಲ" ಎಂದ. ಕೆಲಸ ಮುಗಿದ ಮೇಲೆ ತಂಗಿ ಕೈ ಮುಗಿದು ನಿಂತದ್ದನ್ನು ನೋಡಿದ. ಅವಳ ಮುಖ ನೋಡಿದ. ಮತ್ತೆ ಗಂಟಿನ ಮಾತು ಎತ್ತಲಿಲ್ಲ. ಮಧ್ಯಾಹ್ನ ಒಬ್ಬನೇ ಮಂಜೂರಿನ ದಾರಿ ಹಿಡಿದ.

ಮೇ ತಿಂಗಳಲ್ಲಿ ರೈಲು ತುಂಬ ಜನ ಬಂದರು. ಕೊಡೆ ಹಿಡಿದ ದೊರೆಸಾನಿಯರು, ಬಯಲಿನ ಊರುಗಳ ತಾಯಿ ಮಕ್ಕಳು, ಹುಲ್ಲಿನ ಮೇಲೆ ಬ್ಯಾಂಡು. ಎಲ್ಲರೂ ಗಾಜಿನ ಮನೆಯ ಮುಂದೆ ನಿಂತರು. ಪಾತಿ ಕೆಂಪಗೆ ಉರಿಯುತ್ತಿತ್ತು. ಮೊದಲ ಸಾಲಿನ ಜಾಗದಲ್ಲಿ ಮಾತ್ರ ಮೇಸ್ತ್ರಿ ಬೇರೆ ಹೂ ನೆಡಿಸಿದ್ದ. ಮಗುವನ್ನು ಎತ್ತಿಕೊಂಡ ಒಬ್ಬಳು ಕಳೆ ಕೀಳುತ್ತಿದ್ದ ಮಾತಿಯನ್ನು ಕೇಳಿದಳು, "ಇದನ್ನು ಬೆಳೆಸಿದ್ದು ಯಾರಮ್ಮಾ?"

"ನಾವಿಬ್ಬರು" ಎಂದಳು ಮಾತಿ.

ಆ ಕೆಲಸ ಅವಳದೇ ಆಯಿತು, ಗುಡಿಸಲೂ. ಈಗ ತಲೆ ನರೆತಿದೆ. ಹಿಮ ಇರಲಿ, ಬರೀ ಇಬ್ಬನಿ ಇರಲಿ, ಕತ್ತಲಿರುವಾಗಲೇ ಡಬ್ಬ ಹಿಡಿದು ಹೊರಡುತ್ತಾಳೆ. ಸಾಲು ಸಾಲಾಗಿ ನೀರು ಹೊಡೆಯುತ್ತಾಳೆ. ದೊಡ್ಡಬೆಟ್ಟದ ಮೇಲೆ ಹೊತ್ತು ಕಂಡಾಗ ಡಬ್ಬ ಕೆಳಗಿಟ್ಟು ಒಂದು ಸಲ ಕೈ ಮುಗಿಯುತ್ತಾಳೆ. ಆಮೇಲೆ ಲಿಂಗನ ಪಾಲಿನದೂ ಒಂದು ಸಲ.