ಆರು ಪಟ್ಟಿಯ ಕಮಾನು

ಇದನ್ನು ಬರೆಯಲೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಮನೆಯವರಿಗೂ ಹೇಳಿಲ್ಲ. ಇನ್ನೂ ಮುಂದೂಡಿದರೆ ಹೇಳುವವನೇ ಇರುವುದಿಲ್ಲ.

ಐವತ್ತರ ದಶಕದ ಕೊನೆ. ಹೈಸ್ಕೂಲು ಮುಗಿಸಿ ಕೆಲಸ ಕಲಿತು, ಮಂಡಿ ಮೊಹಲ್ಲಾದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಚಾಮರಾಜಪುರಂನ ಡಾಕ್ಟರೊಬ್ಬರ ಹಳೆಯ ಸ್ಟೇಷನ್ ವ್ಯಾಗನ್ ರಿಪೇರಿಗೆ ಬಂತು. ರೋಗಿಗಳನ್ನು ಹಿಂದೆ ಮಲಗಿಸಿ ಕರೆತರುತ್ತಿದ್ದ ಗಾಡಿ. ಹಿಂದಿನ ಎರಡೂ ಕಮಾನುಗಳು, ಅಂದರೆ ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗುಗಳು, ಬಾಗು ಕಳೆದುಕೊಂಡು, ಗಾಡಿಯ ಹಿಂಭಾಗ ಕುಸಿದಿತ್ತು.

ಪಕ್ಕದ ಕುಲುಮೆಯ ಆಚಾರ್ರು ಗುಜರಿಯ ಕಮಾನು ಪಟ್ಟಿಗಳನ್ನು ಕಾಯಿಸಿ, ಬಾಗಿಸಿ ಕೊಡುತ್ತಿದ್ದರು. ಅಂದು ಎರಡು ಜೊತೆ ತಂದು ಗೋಡೆಗೆ ಒರಗಿಸಿದರು. ಎರಡರ ಉದ್ದವೂ ಒಂದೇ.

“ಏಳು ಪಟ್ಟೀದು ಈ ಗಾಡಿಗೆ ಕಣಪ್ಪ. ಆರರದು ಚಿಕ್ಕ ಕಾರಿಂದು. ಎಣಿಸ್ಕೊಂಡು ತಗೋ,” ಎಂದು ಏಳರದಕ್ಕೆ ಸುಣ್ಣದ ಗೀಟು ಎಳೆದು ಹೋದರು.

ಗ್ರೀಸು ಮೆತ್ತಿದ ನನ್ನ ಕೈ ತಾಗಿ ಗೀಟು ಅಳಿಸಿಹೋಯಿತು. ಡಾಕ್ಟರು ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿದ್ದರು. ಎಣಿಸದೆ ಒಂದು ಜೊತೆ ಎತ್ತಿಕೊಂಡೆ. ಕಡೆಯ ನಟ್ಟು ಬಿಗಿಯುವಾಗ ಕಣ್ಣು ತಾನಾಗಿ ಎಣಿಸಿತು. ಆರು.

ಮತ್ತೆ ಬಿಚ್ಚಿದರೆ ಅರ್ಧ ದಿನ, ಮೇಲೆ ಎಲ್ಲರೆದುರು ನಗೆಪಾಟಲು. ಬಾಯಿ ಮುಚ್ಚಿಕೊಂಡು ಗಾಡಿಯಡಿಯಿಂದ ಎದ್ದು ಬಂದೆ.

ನಮ್ಮಲ್ಲೊಂದು ಪದ್ಧತಿಯಿತ್ತು. ಹೊಸ ಕಮಾನಿನ ಪರೀಕ್ಷೆಗೆ, ಅದನ್ನು ಆರಿಸಿಕೊಟ್ಟವರೇ ಮರಳು ಮೂಟೆಗಳ ಜೊತೆ ಹಿಂದೆ ಕೂತು, ಬೆಟ್ಟದ ರಸ್ತೆ ಹತ್ತಿ ಇಳಿದು ಬರಬೇಕು. ಆಚಾರ್ರು ಹತ್ತಿ ಕೂತರು. ಓಡಿಸಿದವನು ನಾನು.

“ಏನೋ, ಮದುವೆಗಂಡಿನಂಗೆ ಬೆವರ್ತಿದ್ದೀಯ?”

“ಬಿಸಿಲು, ಆಚಾರ್ರೆ.”

ಪ್ರತಿ ಗುಂಡಿಗೂ ಹಿಂದೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ಬೆಟ್ಟ ಇಳಿಯುವಾಗ ಅವರು, “ನಿಲ್ಸು, ಸದ್ದು ಸರಿಯಿಲ್ಲ ಕಣೋ,” ಎಂದರು.

“ಮೂಟೆ ಅಲ್ಲಾಡ್ತಾವೆ, ಅಷ್ಟೆ,” ಎಂದೆ. ಕಾಲು ಬ್ರೇಕಿನ ಮೇಲೇ ಇತ್ತು. ಒತ್ತಲಿಲ್ಲ.

ಮುಂದಿನ ತಿರುವಿನಲ್ಲಿ ಕಮಾನು ಮುರಿಯಿತು. ಗಾಡಿ ಎಡಕ್ಕೆ ವಾಲಿ, ಜಾರಿದ ಮೂಟೆಗಳ ಕೆಳಗೆ ಅವರ ಬಲಗೈ ಜಜ್ಜಿಹೋಯಿತು.

ಮರುದಿನ ಗ್ಯಾರೇಜಿನ ಯಜಮಾನರು ಮುರಿದ ಕಮಾನಿನ ಪಟ್ಟಿ ಎಣಿಸಿ ನನ್ನತ್ತ ನೋಡಿದರು. “ಆಚಾರ್ರು ಗೀಟು ಹಾಕಿದ್ದೇ ಇದಕ್ಕೆ,” ಎಂದುಬಿಟ್ಟೆ.

ಕೈಗೆ ಬ್ಯಾಂಡೇಜು ಸುತ್ತಿಕೊಂಡು ಅಲ್ಲೇ ಕೂತಿದ್ದ ಆಚಾರ್ರು ಎಡಗೈಯಿಂದ ಆ ಪಟ್ಟಿಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. “ಇರಬೌದು ಯಜಮಾನ್ರೆ. ವಯಸ್ಸಾಯ್ತು. ಕಣ್ಣು ಮೋಸ ಮಾಡ್ಬುಡ್ತು.”

ಸುತ್ತಿಗೆ ಅವರ ಅಳಿಯನ ಕೈಗೆ ಹೋಯಿತು. ಪಟ್ಟಿ ಆರಿಸಲಷ್ಟೇ ಅವರು ಕುಲುಮೆಯಲ್ಲಿ ಕೂರುತ್ತಿದ್ದರು. ಆರಿಸಿದ ಮೇಲೂ ನನ್ನನ್ನು ಕರೆದು, “ಒಂದ್ಸಲ ನೀನೂ ಎಣಿಸಪ್ಪ,” ಎನ್ನುತ್ತಿದ್ದರು. ನಾನು ಎಣಿಸಿ, “ಸರಿಯಾಗಿದೆ,” ಎನ್ನುತ್ತಿದ್ದೆ. ಪ್ರತಿ ಸಲವೂ ಸರಿಯಾಗಿಯೇ ಇರುತ್ತಿತ್ತು.

ಅವರ ಕಣ್ಣು ಯಾವತ್ತೂ ತಪ್ಪಿರಲಿಲ್ಲ ಎಂದು ಅವರಿಗೆ ಹೇಳಬೇಕಿದ್ದವನು ನಾನೊಬ್ಬನೇ. ತೀರಿಕೊಂಡಾಗ ನಾನು ಕ್ಷಮೆ ಕೇಳದೆಯೇ ಕಳಿಸಿಕೊಟ್ಟವರು ಅವರು, ಮಂಡಿ ಮೊಹಲ್ಲಾದ ಕುಲುಮೆಯ ಆಚಾರ್ರು.